ಗೆರೆಯ ಕೆಳಗಿನದು ಆಟಕ್ಕಲ್ಲ

ಕಮಲಾಪುರ
೨೦-೧-೧೯೯೫

ಚಿರಂಜೀವಿ ಪ್ರಲ್ಹಾದನಿಗೆ, ಅಜ್ಜಿ ಹೆಚ್ಚು ಹರಸಿ, ಸ್ವಲ್ಪ ಬೈದು ಬರೆಯುವುದು.

ನೀನು ಕೋರ್ಟಿನ ಗುಮಾಸ್ತಿಕೆ ಬಿಟ್ಟ ಸುದ್ದಿ ನಿನ್ನ ಪುಸ್ತಕಕ್ಕಿಂತ ಮೊದಲೇ ಇಲ್ಲಿಗೆ ಬಂತು. ನಿಮ್ಮಪ್ಪ ವೆಂಕಟೇಶ ನಾಲ್ಕು ಹಾಳೆ ಬರೆದಿದ್ದಾನೆ. ವರ್ಷಕ್ಕೆ ಒಂದು ಕಾರ್ಡು ಹಾಕುವ ಮಗ ಅವನು. ನೀನು ಕೆಟ್ಟದ್ದರಿಂದ ನನಗೆ ಆದ ಲಾಭ ಇದು.

ಪುಸ್ತಕ ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ನಿನ್ನ ಕಾಕಾನ ಮಕ್ಕಳು ನನ್ನನ್ನು ಕೂಡಿಸಿಕೊಂಡು ಹೇಳಿದರು. ಸೂಪರ್ ಮಾರ್ಕೆಟ್ಟಿನ ಹಿಂದೆ ನಿನ್ನ ಗೆಳೆಯ ಇಮಾಮುದ್ದೀನನ ಅಂಗಡಿಯಲ್ಲಿ ಟಿ.ವಿ.ಗೆ ಯಂತ್ರ ಹಚ್ಚಿ ‘ಕಾಳಕೋಟೆ’ ಎಂಬ ವಿಡಿಯೋ ಗೇಮ್ ಆಡಿಸುತ್ತಾನಂತೆ. ಕಲಬುರ್ಗಿಯ ಹುಡುಗರೆಲ್ಲ ಅದಕ್ಕೆ ಹುಚ್ಚಾಗಿದ್ದಾರಂತೆ. ಎಂಟು ಬಾಗಿಲು ದಾಟಿದರೆ ಪರದೆ ಕಪ್ಪಾಗುತ್ತದೆ, ಆಟ ಮುಗಿಯಿತು. ಕೋಟೆಯೊಳಗೆ ಮುಂದೇನಿದೆ ಎಂದು ಹುಡುಗರಿಗೆ ಚಡಪಡಿಕೆ. ಆ ಮುಂದಿನ ಬಾಗಿಲುಗಳನ್ನು ನೀವಿಬ್ಬರು ಪುಸ್ತಕ ಮಾಡಿ ಮಾರುತ್ತೀರಿ. ಕರೆಂಟು ಬೇಡ, ಯಂತ್ರ ಬೇಡ. ನಾಲ್ಕು ಜನ ನೆಲಕ್ಕೆ ಕೂಡಬೇಕು. ಒಬ್ಬ ಓದಿ, ‘ಇಲ್ಲಿ ಹೀಗಿದೆ, ನೀನು ಏನು ಮಾಡುತ್ತಿ?’ ಎಂದು ಕೇಳಬೇಕು. ಉಳಿದವರು ತಾವೇ ಆ ಕೋಟೆಯಲ್ಲಿ ನಿಂತಂತೆ ಉತ್ತರ ಹೇಳಿ ದಾಳ ಒಗೆಯಬೇಕು. ಇಷ್ಟೇ ತಾನೆ? ನಿನಗೆ ಉಣ್ಣಿಸುವಾಗ ನಾನು ದಿನಾ ಮಾಡುತ್ತಿದ್ದದ್ದು ಮತ್ತೇನು? ಅದಕ್ಕೆ ಯಾರೂ ಮುಖಪುಟ ಹಾಕಲಿಲ್ಲ.

ಇನ್ನು ತಪ್ಪುಗಳು. ನಿಮ್ಮ ಕೋಟೆಯಲ್ಲಿ ಮುನ್ನೂರು ಸಿಪಾಯಿಗಳಿದ್ದಾರೆ, ಒಂದು ಬಾವಿ ಇಲ್ಲ. ಅವರು ಏನು ಕುಡಿಯುತ್ತಾರೆ? ಒಬ್ಬ ಹೆಂಗಸಿಲ್ಲ. ರೊಟ್ಟಿ ಯಾರು ಬಡಿಯುತ್ತಾರೆ? ಎಲ್ಲದಕ್ಕೂ ಕತ್ತಿ. ಕತ್ತಿಯಿಂದ ಆಗುವ ಕೆಲಸ ಲೋಕದಲ್ಲಿ ಬಹಳ ಕಡಿಮೆ ಇದೆ. ಮತ್ತೆ ಈ ದಾಳ ಕಮಲಾಪುರದಲ್ಲಿ ಯಾರ ಮನೆಯಲ್ಲಿದೆ? ಕವಡೆ ಎಲ್ಲರ ಮನೆಯಲ್ಲೂ ಇವೆ. ಆರು ಕವಡೆ ಒಗೆಯಿರಿ, ನಾಲ್ಕು ಅಂಗಾತ ಬಿದ್ದರೆ ಗೆದ್ದಂತೆ ಎಂದು ಬರೆ.

ಹತ್ತಿರದ ಮನೆಯ ಹಾಜಿರಾ ಎಂದಿನಂತೆ ನಮ್ಮ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದಾಳೆ. ನಿನ್ನ ರಾಕ್ಷಸನ ಚಿತ್ರವನ್ನು ಮೋತಿಬಿಂದಿನ ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ‘ಇಂವ ನಿಮ್ಮ ಬೀಗರ ಹಂಗ ಕಾಣ್ತಾನ, ಬಾಯಿ’ ಎಂದಳು. ಖರೆ, ಹಾಗೇ ಕಾಣುತ್ತಾನೆ. ಈಗ ಸೂಜಿ ಮುಂದೆ ಹಿಡಿದಿದ್ದಾಳೆ, ನಾನು ದಾರ ಪೋಣಿಸಿ ಕೊಡಬೇಕು. ದಿನಕ್ಕೆ ಹತ್ತು ಸಲ ಇದೇ ಕೆಲಸ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಜ್ಜಿ,
ಮಥುರಾಬಾಯಿ


ಬ್ರಹ್ಮಪುರ, ಕಲಬುರ್ಗಿ
೩೦-೧-೧೯೯೫

ಪೂಜ್ಯ ಅಜ್ಜಿಗೆ ಪ್ರಲ್ಹಾದನ ನಮಸ್ಕಾರ.

ನಿಮ್ಮ ಬೈಗುಳವನ್ನು ಇಮಾಮುದ್ದೀನನಿಗೆ ಓದಿ ಹೇಳಿದೆ. ಅವನು ಎದ್ದು ನಿಂತು, ‘ದೋಸ್ತ, ನಿಮ್ಮ ಅಜ್ಜೀನೇ ಬರೀಲಿ, ನಾವು ಹೊಲಿಗಿ ಹಾಕೋಣ’ ಎಂದ. ನಗೆಯ ಮಾತಲ್ಲ. ಎರಡನೆಯ ಪುಸ್ತಕ ಬೇಸಗೆ ರಜೆಗೆ ಮೊದಲು ಬರಲೇಬೇಕು. ಸೋಲಾಪುರದಲ್ಲಿ ಯಾರೋ ಇಂಥದೇ ಪುಸ್ತಕಕ್ಕೆ ಕೈಹಾಕಿದ್ದಾರೆಂದು ಸುದ್ದಿ ಇದೆ. ಇದು ನಿಂತರೆ ನಾನು ಅಪ್ಪನ ಮುಂದೆ ತಲೆ ಎತ್ತುವಂತಿಲ್ಲ.

ಹತ್ತನೆಯ ಬಾಗಿಲನ್ನು ನೀವು ಬರೆದುಕೊಡಿ. ಕತ್ತಿಯಿಂದ ತೆರೆಯದ ಬಾಗಿಲು ಇರಲಿ. ಸ್ಟೇಶನ್ ಬಜಾರದ ಪ್ರೆಸ್ಸಿನ ವಿಳಾಸಕ್ಕೇ ಹಾಕಿ. ಒಂದು ವಿನಂತಿ. ನಿಮ್ಮ ಕಾಗದವನ್ನು ಹಾಗೆಯೇ ಮಲ್ಲಣ್ಣನ ಮುಂದೆ ಇಡುತ್ತೇವೆ. ಅಚ್ಚಿನ ಮೊಳೆ ಜೋಡಿಸುವವನು ಅವನೇ. ಒಂದೊಂದೇ ಅಕ್ಷರ ಹೆಕ್ಕುವವನಿಗೆ ಅರ್ಥದ ಕಡೆ ಲಕ್ಷ್ಯವಿರುವುದಿಲ್ಲ. ಕಾಗದದಲ್ಲಿ ಇದ್ದದ್ದೆಲ್ಲ ಅವನಿಗೆ ಪುಸ್ತಕವೇ. ಮನೆಯ ಸುದ್ದಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ನಿಮ್ಮ
ಪ್ರಲ್ಹಾದ


ಕಮಲಾಪುರ
೪-೨-೧೯೯೫

ಪ್ರಲ್ಹಾದ,

ಕಾರ್ಡಿನಲ್ಲಿ ಜಾಗ ಇಲ್ಲ, ಆಶೀರ್ವಾದ ಇದೆ ಎಂದು ತಿಳಿ. ಬೇರೆ ಹಾಳೆ ಅನ್ನುತ್ತೀ. ಇನ್‌ಲ್ಯಾಂಡಿಗೆ ಇರುವುದು ಒಂದೇ ಹಾಳೆ. ಆಟಕ್ಕೆ ಬೇಕಾದದ್ದನ್ನು ಮೇಲೆ ಬರೆದು ಅಡ್ಡ ಗೆರೆ ಎಳೆಯುತ್ತೇನೆ. ಗೆರೆಯ ಕೆಳಗಿನದು ಆಟಕ್ಕಲ್ಲ, ನಿನಗೆ ಮಾತ್ರ. ನಿನ್ನ ಮಲ್ಲಣ್ಣನಿಗೆ ಹೇಳಿಡು.

ಮಥುರಾಬಾಯಿ


ಕಮಲಾಪುರ
೧೧-೨-೧೯೯೫

ಹತ್ತನೆಯ ಬಾಗಿಲು. ಇಲ್ಲಿ ಸಿಪಾಯಿ ಇಲ್ಲ, ಬೀಗ ಇಲ್ಲ. ಒಂದು ಮೆಟ್ಟಿಲ ಬಾವಿ ಇದೆ. ಮೂಡಣ ಮೆಟ್ಟಿಲು ಒಂದು ಓಣಿಯವರಿಗೆ, ಪಡುವಣ ಮೆಟ್ಟಿಲು ಇನ್ನೊಂದು ಓಣಿಯವರಿಗೆ. ನೀರು ಒಂದೇ. ನೀನು ಕೊಡ ತುಂಬುತ್ತಿದ್ದೀ. ದೂರದ ಊರಿನ ಇಬ್ಬರು ಹೆಂಗಸರು ಬಂದು ಕುಡಿಯಲು ನೀರು ಕೇಳುತ್ತಾರೆ. ನೀರಡಿಕೆಗೆ ಬಂದವರಲ್ಲ. ಅವರ ಮನೆಯಲ್ಲಿ ಮದುವೆಯ ಹುಡುಗನಿದ್ದಾನೆ, ಈ ಊರಿನ ಹುಡುಗಿಯೊಬ್ಬಳನ್ನು ನೋಡಿ ಒಪ್ಪಿದ್ದಾರೆ. ಹುಡುಗಿಯ ಮನೆಯವರು ಒಳ್ಳೆಯದನ್ನೇ ಹೇಳುತ್ತಾರೆಂದು ಖರೆ ಸುದ್ದಿ ಕೇಳಲು ಬಾವಿಗೆ ಬಂದಿದ್ದಾರೆ. ಎಲ್ಲ ಊರಲ್ಲೂ ಹೀಗೆಯೇ ಕೇಳುವುದು. ಆ ಹುಡುಗಿ ನಿನ್ನ ಗೆಳತಿ. ಅವಳು ಹೋದರೆ ಈ ಊರಲ್ಲಿ ನಿನ್ನ ಕೂಡ ಮಾತಾಡುವವರು ಇನ್ನೊಬ್ಬರಿಲ್ಲ. ಹೆಂಗಸರು ಕೇಳುತ್ತಾರೆ, ‘ಹುಡುಗಿ ಹ್ಯಾಂಗ ಅದಾಳವಾ?’ ನೀನು ಏನು ಹೇಳುತ್ತಿ? ಹೇಳಿ ಕವಡೆ ಒಗೆ. ನಾಲ್ಕು ಅಂಗಾತ ಬಿದ್ದರೆ ನಿನ್ನ ಮಾತು ಅವರಿಗೆ ಒಳ್ಳೆಯದಾಗಿ ಕೇಳಿಸಿತು. ಬೀಳದಿದ್ದರೆ ಬಂದ ದಾರಿ ಹಿಡಿಯುತ್ತಾರೆ. ಬಾಗಿಲು ಯಾವಾಗ ತೆರೆಯುತ್ತದೆ ಎಂದು ಪುಸ್ತಕದವರು ಬರೆದುಕೊಳ್ಳಿ. ನನಗೆ ಗೊತ್ತಿಲ್ಲ.

——————————

ಈಗ ರಮಜಾನ ನಡೆದಿದೆ. ಹಾಜಿರಾ ಕಟ್ಟೆಯ ಮೇಲಿದ್ದಾಳೆ, ತುಟಿ ಒಣಗಿದೆ, ಸೂಜಿ ಮಾತ್ರ ನಿಂತಿಲ್ಲ. ಅವಳನ್ನು ಹೀಗೆ ಕಂಡಾಗೆಲ್ಲ ನನಗೆ ಆ ವರ್ಷ ನೆನಪಾಗುತ್ತದೆ. ಇಬ್ಬರೂ ಹತ್ತೊಂಬತ್ತರವರು. ಸುಡುಬೇಸಗೆಯ ರೋಜಾ, ಹಗಲೆಲ್ಲ ನೀರೂ ಮುಟ್ಟದ ಉಪವಾಸ. ಅವಳು ಬಾವಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ನಾನು ಮುಖಕ್ಕೆ ನೀರು ಚಿಮುಕಿಸಿದೆ. ಬಾಯಿಗೆ ಹಾಕಹೋದರೆ ಕೈ ತಳ್ಳಿದಳು. ಹಬ್ಬ ಮುಗಿದ ಮೇಲೆ ಬೀದರ ಕಡೆಯ ಹೆಂಗಸರು ಬಂದು ಅವಳ ಸುದ್ದಿ ನನ್ನನ್ನೇ ಕೇಳಿದರು. ನಾನು ನಗುತ್ತ, ‘ಚಂದ ಅದಾಳ್ರೀ. ಆದರ ನೀರಿಗೆ ಕಳಿಸಬ್ಯಾಡ್ರಿ, ನಡಕೋತ ನಡಕೋತ ಬೀಳ್ತಾಳ, ಕಣ್ಣು ಮ್ಯಾಲ ಮಾಡ್ತಾಳ’ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮೂರ್ಛೆರೋಗ ಎಂದುಕೊಂಡರು. ಹಾಗೆ ಅಂದುಕೊಂಡದ್ದು ನನಗೆ ಕಂಡಿತು. ‘ರೋಜಾ ಇತ್ತು’ ಎಂದಿದ್ದರೆ ಸಾಕಿತ್ತು. ಎರಡು ಮಾತು. ಕೊಡ ತುಂಬಿತ್ತು, ಎತ್ತಿಕೊಂಡು ಬಂದೆ. ಮೂರ್ಛೆಯ ಸುದ್ದಿ ಎಲ್ಲ ಕಡೆ ಹಬ್ಬಿತು. ಹಾಜಿರಾಳನ್ನು ಕೇಳಲು ಮತ್ತೆ ಯಾರೂ ಬರಲಿಲ್ಲ. ಅದನ್ನು ಹಬ್ಬಿಸಿದವರು ಯಾರಿರಬಹುದು ಎಂದು ನಲವತ್ತಮೂರು ವರ್ಷದಿಂದ ಅವಳು ನನ್ನನ್ನೇ ಕೇಳುತ್ತಾಳೆ.

ಮಥುರಾಬಾಯಿ


ಸ್ಟೇಶನ್ ಬಜಾರ, ಕಲಬುರ್ಗಿ
೧-೪-೧೯೯೫

ಪೂಜ್ಯ ಅಜ್ಜಿಗೆ ನಮಸ್ಕಾರ.

ಪುಸ್ತಕ ಬಂತು! ನಿಮ್ಮ ಕಾಗದ ಬಂದಾಗ ನಾನು ಮುಖಪುಟದ ಕೆಲಸಕ್ಕೆ ಹೈದರಾಬಾದಿನಲ್ಲಿದ್ದೆ. ಇಮಾಮುದ್ದೀನನೇ ಒಡೆದು ಮಲ್ಲಣ್ಣನಿಗೆ ಕೊಟ್ಟನಂತೆ. ನಾನು ಇನ್ನೂ ಕೂತು ಓದಿಲ್ಲ. ಮೂರು ದಿನದಿಂದ ಕೈಯಲ್ಲಿ ಅಂಟು, ದಾರ. ಆದರೆ ಹನ್ನೆರಡನೆಯ ಪುಟವನ್ನು ದೂರದಿಂದ ನೋಡಿದೆ, ಕಣ್ಣು ತುಂಬುತ್ತದೆ. ನೀವು ಗೆರೆ ಎಳೆದ ಭಾಗವನ್ನು ಮಲ್ಲಣ್ಣ ಬಳ್ಳಿಯ ಚೌಕಟ್ಟಿನೊಳಗೆ ಕೂರಿಸಿದ್ದಾನೆ. ಪ್ರೆಸ್ಸಿನಲ್ಲಿ ಗೆರೆ ಎಳೆದು ಕೊಟ್ಟರೆ ಚೌಕಟ್ಟು ಹಾಕು ಎಂದು ಅರ್ಥವಂತೆ. ಕೆಳಗೆ ನಿಮ್ಮ ಹೆಸರನ್ನೂ ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ.

ನಿಮಗೊಂದು ಪ್ರತಿ ಈ ಕಾಗದದ ಜೊತೆಗಿದೆ. ಕಮಲಾಪುರದ ಬಸ್ ಸ್ಟ್ಯಾಂಡಿನ ದೌಲಪ್ಪನ ಅಂಗಡಿಗೆ ಇಪ್ಪತ್ತು ಪ್ರತಿ ಎರಡು ದಿನ ಮೊದಲೇ ಕಳಿಸಿದ್ದೇವೆ. ನಿಮ್ಮ ಊರಿನವರು ಮೊದಲು ಓದಲಿ ಎಂದು.

ನಿಮ್ಮ
ಪ್ರಲ್ಹಾದ


ಕಮಲಾಪುರ
೫-೪-೧೯೯೫, ಬುಧವಾರ

ಪ್ರಲ್ಹಾದ,

ಹನ್ನೆರಡನೆಯ ಪುಟ ನೋಡಿದೆ. ಬಳ್ಳಿ ಚಂದ ಇದೆ.

ಇದನ್ನು ಓದುವ ಮೊದಲು ನಿನ್ನ ಪುಸ್ತಕವನ್ನು ಒಮ್ಮೆ ಓದು. ಓದಿದಿಯಾ? ಈಗ ಕೇಳು.

ದೌಲಪ್ಪನ ಅಂಗಡಿಗೆ ಮೊಣಕಾಲು ಎಳೆದುಕೊಂಡು ಹೋದೆ. ‘ಇಪ್ಪತ್ತರಾಗ ಒಂಬತ್ತು ಹೋದವು ಅಜ್ಜಿ! ನಿಮ್ಮ ಹೆಸರೂ ಅದ ಅದರಾಗ’ ಎಂದು ಹಲ್ಲು ಬಿಟ್ಟ.

‘ಉಳಿದಿದ್ದು ಎಲ್ಲಾ ಕೊಡು. ಹೋದದ್ದು ಯಾರ್‍ಯಾರು ಒಯ್ದಾರ, ಹೇಳು.’

‘ಎಲ್ಲಾನೂ? ಈ ವಯಸ್ಸಿನಾಗ ಆಟ ಆಡ್ತೀರೇನ್ರಿ?’

‘ನಿನ್ನ ತಲಿ ಆಡ್ತೀನಿ. ಹೇಳು ಅಂದ್ರ ಹೇಳು.’

ಮನೆ ಮನೆ ತಿರುಗಿದೆ. ‘ತಪ್ಪು ಅಚ್ಚಾಗ್ಯಾವ, ಹೊಸಾವು ಕೊಡ್ತಾರ’ ಎಂದು ಸುಳ್ಳು ಹೇಳಿ ಎಂಟನ್ನು ತಂದೆ. ಹನ್ನೊಂದು ಮತ್ತು ಎಂಟು ಕೂಡಿ ನನ್ನ ಟ್ರಂಕಿನಲ್ಲಿವೆ. ಉಳಿದದ್ದು ಒಂದು. ಅದನ್ನು ಒಯ್ದವಳು ಸಕೀನಾ, ಹಾಜಿರಾಳ ತಮ್ಮನ ಮೊಮ್ಮಗಳು, ಏಳನೆಯ ಇಯತ್ತೆ ಓದುತ್ತಾಳೆ. ಹಾಜಿರಾಳಿಗೆ ಕಣ್ಣು ಕಾಣದು, ಈ ಹುಡುಗಿ ದಿನಾ ಸಂಜೆ ಎರಡು ಪುಟ ಓದಿ ಹೇಳುತ್ತಾಳೆ. ಇಬ್ಬರೂ ಕವಡೆ ಒಗೆಯುತ್ತಾರೆ. ಹಾಜಿರಾ ಇವತ್ತು ಕಟ್ಟೆಗೆ ಬಂದು, ‘ನಿನ್ನೆ ಆರನೇ ಪುಟಕ್ಕ ಬಂದೀವಿ. ನಾ ಒಬ್ಬ ಸಿಪಾಯೀನ ಲಟ್ಟಣಿಗಿಲೆ ಹೊಡದೆ’ ಎಂದು ನಕ್ಕಳು. ನಾನೂ ನಕ್ಕೆ. ಪುಸ್ತಕ ಕೊಡು, ನೋಡಿ ಕೊಡುತ್ತೇನೆ ಎಂದೆ. ‘ನಿನ್ನ ಮೊಮ್ಮಗಂದು ನಿನ್ನ ಕಡೆ ಇಲ್ಲೇನು?’ ಎಂದು ಕೇಳಿದಳು. 

ಇವತ್ತು ಎಂಟು. ನಾಳೆ ಹತ್ತು. ಶುಕ್ರವಾರ ಹನ್ನೆರಡು.

ಈ ಕಾಗದವನ್ನು ಬಸ್ ಕಂಡಕ್ಟರ್ ಹುಸೇನನ ಕೈಯಲ್ಲಿ ಕೊಡುತ್ತೇನೆ. ಏನಾದರೂ ಮಾಡು. ನನ್ನ ಮುಪ್ಪಿನಲ್ಲಿ ಮಾತಿಗೆ ಇರುವವಳು ಅವಳೊಬ್ಬಳು. ಆಗಲೂ ಅವಳೊಬ್ಬಳೇ ಇದ್ದಳು. ಅದಕ್ಕೇ ಆದದ್ದು ಇದು.

ಮಥುರಾಬಾಯಿ


ಕಲಬುರ್ಗಿ
೬-೪-೧೯೯೫

ಅಜ್ಜಿ,

ಓದಿದೆ.  ಗೆರೆಯ ಬಗ್ಗೆ ನೀವು ಹಾಕಿದ್ದ ಕಾರ್ಡು ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಮಲ್ಲಣ್ಣನಿಗೆ ಹೇಳುವುದು ಮರೆತೆ. ಅವನದೂ ತಪ್ಪಿಲ್ಲ, ಇಮಾಮುದ್ದೀನನದೂ ಇಲ್ಲ. ತಪ್ಪು ನನ್ನದು.

ಮಲ್ಲಣ್ಣ ಊಟಕ್ಕೂ ಏಳದೆ ಹನ್ನೆರಡನೆಯ ಪುಟ ಮತ್ತೆ ಕಟ್ಟಿದ. ಚೌಕಟ್ಟಿನ ಜಾಗದಲ್ಲಿ ಬಾವಿಯ ಚಿತ್ರ ಇದೆ. ಆ ಪ್ರತಿಯನ್ನು ಹುಸೇನನ ಕೈಯಲ್ಲೇ ಕಳಿಸಿದ್ದೇನೆ. ಹೊರಗಿನಿಂದ ಎರಡೂ ಒಂದೇ ತರಹ. ಶುಕ್ರವಾರ ಮಧ್ಯಾಹ್ನದೊಳಗೆ ಹೇಗಾದರೂ ಅದಲು ಬದಲು ಮಾಡಿ. ಇಲ್ಲಿನ ಪ್ರತಿಗಳನ್ನು ತಡೆದಿದ್ದೇನೆ.

ಪ್ರಲ್ಹಾದ


ಕಲಬುರ್ಗಿ
೧೭-೪-೧೯೯೫

ಪೂಜ್ಯ ಅಜ್ಜಿಗೆ,

ಹನ್ನೊಂದು ದಿನವಾಯಿತು. ಕಾಕಾನಿಗೆ ಫೋನು ಮಾಡಿಸಿದೆ. ‘ಅಜ್ಜಿ ಊಟ ಮಾಡ್ತಾಳ, ಯಾರನ್ನೂ ಬೈಯಾಕತ್ತಿಲ್ಲ’ ಎಂದ. ನನಗೆ ಇನ್ನೂ ಹೆದರಿಕೆಯಾಯಿತು.

ಇನ್ನೊಂದು ಹೇಳಬೇಕು. ತಡೆಯುವ ಮೊದಲೇ ಇಮಾಮುದ್ದೀನನ ಅಂಗಡಿಯಿಂದ ಕೆಲವು ಪ್ರತಿ ಹೋಗಿದ್ದವು. ಹುಡುಗರು ಸಿಪಾಯಿಗಳ ಪುಟಗಳನ್ನು ಬಿಟ್ಟು ಆ ಬಾವಿಯ ಹತ್ತಿರವೇ ನಿಂತಿದ್ದಾರೆ. ಒಬ್ಬ, ಗೆಳತಿಯನ್ನು ಹೊಗಳಿ ಕಳಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಸುಳ್ಳು ಹೇಳಿ ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ನಿನ್ನೆ ಇಬ್ಬರು ಮಾತು ಬಿಟ್ಟರು. ಉಳಿದ ಪ್ರತಿಗಳನ್ನು ಏನು ಮಾಡಲಿ? ಆ ಹಾಳೆ ಕೀಳಲೋ, ಸುಡಲೋ? ನೀವು ಹೇಳಿದಂತೆ ಮಾಡುತ್ತೇನೆ. ಪುಸ್ತಕ ನಿಂತರೂ ಸರಿ.

ಬರೆಯಿರಿ.

ಪ್ರಲ್ಹಾದ


ಕಮಲಾಪುರ
೨೮-೪-೧೯೯೫

ಚಿರಂಜೀವಿ ಪ್ರಲ್ಹಾದನಿಗೆ,

ನಿನ್ನ ಹೊಸ ಪ್ರತಿ ಶುಕ್ರವಾರ ಬೆಳಿಗ್ಗೆಯೇ ಕೈಸೇರಿತು. ಸೆರಗಿನೊಳಗೆ ಇಟ್ಟುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆ. ಹಾಜಿರಾ ನಮಾಜ಼ಿಗೆ ಒಳಗೆ ಹೋಗಿದ್ದಳು. ಅವರ ಪುಸ್ತಕ ಚಾಪೆಯ ಮೇಲೆ ಬಿದ್ದಿತ್ತು, ಮೇಲೆ ಆರು ಕವಡೆ. ಸುತ್ತ ಯಾರೂ ಇಲ್ಲ. ಕವಡೆ ಕೆಳಗಿಟ್ಟು ಪುಸ್ತಕ ಎತ್ತಿದೆ. ಒಂದು ಕೈಯಲ್ಲಿ ಅದು, ಒಂದು ಕೈಯಲ್ಲಿ ಇದು. ಬಾವಿಯಲ್ಲಿ ಕೊಡ ತುಂಬಿದಾಗ ಹೇಗೆ ಎತ್ತಿದ್ದೆನೋ ಹಾಗೇ ಎತ್ತಿ ಹೊರಡುವುದಿತ್ತು. ಈ ಸಲ ಹೊರಡಲಿಲ್ಲ. ಅವರದನ್ನು ಅವರ ಚಾಪೆಯ ಮೇಲೆ ಇಟ್ಟು, ನಿನ್ನದನ್ನು ಸೆರಗಿಗೆ ಸೇರಿಸಿ ಕೂತೆ.

ಹಾಜಿರಾ ಬಂದಳು. ‘ಬಾ ಬಾಯಿ, ಇಬ್ಬರಿಗೇ ಆಟ ಸಪ್ಪ ಆಗ್ತದ’ ಎಂದು ಸಕೀನಾಳನ್ನು ಕರೆದಳು. ಸಂಜೆಯ ತನಕ ತಡೆಯಲಿಲ್ಲ. ಹುಡುಗಿ ಹನ್ನೆರಡನೆಯ ಪುಟ ತೆಗೆದು ಬಾವಿಯ ಭಾಗ ಓದಿ, ‘ಯಾರು ಹೇಳ್ತೀರಿ?’ ಎಂದಳು.

‘ಮಥುರಾಬಾಯೀನೇ ಹೇಳ್ಲಿ. ಆಕೀ ನಾಲಿಗಿ ಯಾವಾಗ್ಲೂ ಮುಂದ ಇರ್ತದ’ ಎಂದಳು ಹಾಜಿರಾ, ಸೂಜಿ ಎಳೆಯುತ್ತ.

ನಾನು ಹೇಳಿದೆ. ‘ಹುಡುಗಿ ಚಂದ ಅದಾಳ. ಒಮ್ಮೆ ಬಾವಿ ಮ್ಯಾಲ ಬಿದ್ದಿದ್ಲು. ರೋಜಾ ಇತ್ತು.’

ಸಕೀನಾ ಪುಸ್ತಕ ನೋಡಿದಳು. ‘ರೋಜಾ ಎಲ್ಲದ ಇದರಾಗ? ಹಾಂ, ಕೆಳಗ ಚೌಕಟ್ಟಿನಾಗ ಅದ. ದಾದಿ, ನಿನ್ನ ಹೆಸರೂ ಅದ!’

‘ಓದು’ ಎಂದಳು ಹಾಜಿರಾ.

ಹುಡುಗಿ ಮೊದಲು ಜೋರಾಗಿ ಓದಿದಳು, ಆಮೇಲೆ ದನಿ ಇಳಿಯಿತು. ‘ಪೂರಾ ಓದು’ ಎಂದಳು ಹಾಜಿರಾ. ನನ್ನ ಹೆಸರಿನ ತನಕ ಓದಿದಳು. ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಬೈಯುತ್ತಾಳೆ ಎಂದು ಕಾದೆ. ಅವಳು ಆರು ಕವಡೆಗಳನ್ನು ನನ್ನ ಕಡೆ ದೂಡಿದಳು.

‘ಹೇಳಿದಿ ಅಲ್ಲ? ಒಗಿ.’

ಒಗೆದೆ. ಮೂರೇ ಅಂಗಾತ ಬಿದ್ದವು. ಹುಡುಗಿ ಮೆಲ್ಲಗೆ, ‘ಅವರು ಹೊಳ್ಳಿ ಹೋದ್ರು’ ಎಂದಳು.

ಆಗ ನನ್ನ ಹಾಳು ನಾಲಿಗೆ ಮತ್ತೆ ಮುಂದೆ ಬಂತು. ‘ನೋಡು ಹಾಜಿರಾ, ಹೇಳಿದ್ರೂ ಅವರು ಹೋಗ್ತಿದ್ರೋ ಏನೋ’ ಎಂದೆ.

ಅವಳು ನನ್ನ ಕಡೆ ತಿರುಗಿದಳು. ಆ ಕಣ್ಣಿಗೆ ನಾನು ಎಷ್ಟು ಕಾಣುತ್ತೇನೋ ಗೊತ್ತಿಲ್ಲ. ‘ಕವಡಿ ಬೀಳಲಾರದ್ದು ಬ್ಯಾರೆ, ಮಥುರಾ. ನೀ ಹೇಳಲಾರದ್ದು ಬ್ಯಾರೆ.’ ಇಷ್ಟೇ. ಮೊದಲಿನಿಂದಲೂ ನನ್ನನ್ನು ಬಾಯಿ ಎಂದೇ ಕರೆದವಳು. ನಾನು ಎದ್ದು ಬಂದೆ. ಅವಳು ತಡೆಯಲಿಲ್ಲ.

ಮೂರು ವಾರ ಕಟ್ಟೆ ಖಾಲಿ ಇತ್ತು. ನಾನು ಅವಳ ಮನೆಗೆ ಎರಡು ಸಲ ಹೋದೆ, ಎರಡು ಸಲವೂ ಮಲಗಿದ್ದಾಳೆ ಎಂದರು. ನಡುಮಧ್ಯಾಹ್ನ ಮಲಗುವವಳಲ್ಲ ಅವಳು. ಹಾಳೆ ಕೀಳಲೋ ಸುಡಲೋ ಎಂಬ ನಿನ್ನ ಪ್ರಶ್ನೆಯನ್ನು ಎರಡನೆಯ ಸಲ ಸಕೀನಾಳ ಕೂಡ ಒಳಗೆ ಹೇಳಿ ಕಳಿಸಿದೆ. ಇಷ್ಟು ವರ್ಷ ಅವಳು ಎಲ್ಲೂ ಹೋಗದಿರಲಿ ಎಂದು ಇಟ್ಟುಕೊಂಡೆ. ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದು ಅವಳು ಹೋಗಿಬಿಟ್ಟಳು.

ನಿನ್ನೆ ಸಕೀನಾ ಬಂದಳು. ಬಾಗಿಲ ಹೊರಗೇ ನಿಂತು ಪಾಠ ಒಪ್ಪಿಸಿದ ಹಾಗೆ ಹೇಳಿದಳು. ‘ಆ ಹಾಳಿ ಕೀಳಬ್ಯಾಡ ಅಂತ ದಾದಿ ಹೇಳ್ಯಾಳ್ರಿ. ಎರಡೂ ಹೆಸರು ಇರ್ಲಿ ಅಂತ. ಎಲ್ಲಾರೂ ಮೂರ್ಛಿ ಅಂತ ಅಂದಾರ, ಈಗ ಎಲ್ಲಾರೂ ರೋಜಾ ಅಂತ ಓದ್ಲಿ ಅಂತ. ಮತ್ತ ಆ ಬಾವೀ ಮುಂದ ಕವಡಿ ಒಗೀಬಾರದಂತ. ಬರೇ ಹೇಳಬೇಕಂತ.’

ಆಮೇಲೆ ಮುಷ್ಟಿ ಬಿಚ್ಚಿದಳು. ಒಳಗೆ ಸೂಜಿ, ಒಂದು ಮೊಳ ಕೆಂಪು ದಾರ. ‘ಇದನ್ನ ಪೋಣಿಸಿ ಕೊಡಬೇಕಂತ.’

ಆ ಹುಡುಗಿಯ ಕಣ್ಣು ಎಷ್ಟು ಚುರುಕು ಎಂದು ನಿನಗೆ ಗೊತ್ತಿಲ್ಲ. ಇರುವೆಯ ಕಾಲು ಎಣಿಸುತ್ತಾಳೆ. ಮೂರು ವಾರ ಅವಳೇ ಪೋಣಿಸಿದ್ದಾಳೆ. ಸೂಜಿ ತೆಗೆದುಕೊಂಡೆ. ದಾರ ನಾಲ್ಕು ಸಲ ತಪ್ಪಿತು, ಐದನೆಯದಕ್ಕೆ ಹೋಯಿತು. ಕೊಟ್ಟು ಕಳಿಸಿದೆ. ಆಗಿರುವುದು ಅಷ್ಟೇ. ಕಟ್ಟೆಗೆ ಅವಳು ಇನ್ನೂ ಬಂದಿಲ್ಲ.

ನೀನು ಅವಳು ಹೇಳಿದಂತೆ ಮಾಡು. ಚೌಕಟ್ಟು ಇರಲಿ, ಬಳ್ಳಿ ಇರಲಿ, ಎರಡೂ ಹೆಸರಿರಲಿ. ‘ಈ ಬಾಗಿಲಿಗೆ ಕವಡೆ ಇಲ್ಲ’ ಎಂದು ಒಂದು ಸಾಲು ಸೇರಿಸು. ಟ್ರಂಕಿನ ಹತ್ತೊಂಬತ್ತನ್ನು ನಾನೇ ಮನೆ ಮನೆಗೆ, ದೌಲಪ್ಪನ ಅಂಗಡಿಗೆ ಹೊಳ್ಳಿ ಕೊಟ್ಟು ಬರುತ್ತೇನೆ. ನನ್ನದು ಒಂದು, ನಿನ್ನ ಬಾವಿಯ ಚಿತ್ರದ್ದು ಒಂದು ನನ್ನ ಹತ್ತಿರ ಉಳಿಯುತ್ತವೆ. ನಿಮ್ಮಪ್ಪನಿಗೂ ಒಂದು ಕೊಡು. ತಾಯಿಯ ಬಗ್ಗೆ ನಾಲ್ಕು ಹಾಳೆ ಬರೆಯಲು ಅವನಿಗೂ ವಿಷಯ ಸಿಗಲಿ.

ಮಲ್ಲಣ್ಣನಿಗೆ ಹೇಳು, ಈ ಕಾಗದದಲ್ಲಿ ನಾನು ಎಲ್ಲೂ ಗೆರೆ ಎಳೆದಿಲ್ಲ.

ನಿನ್ನ ಅಜ್ಜಿ,
ಮಥುರಾಬಾಯಿ